ಹದಿನಾಲ್ಕು ಗುಂಜಿಯ ಗುಡ್ಡ

ಒಂದು ಕಾಲಕ್ಕೆ ನಮ್ಮ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಲೆಕ್ಚರರ ಶಿಷ್ಯರು ಕಾಗದ ಬರೆದಿದ್ದಾರೆ. ಅವರ ಸರ್ ಪ್ರಾಂಶುಪಾಲರಾಗಿ ನಿವೃತ್ತರಾಗುತ್ತಿದ್ದಾರೆ, ಅಭಿನಂದನ ಗ್ರಂಥವೊಂದು ಹೊರಬರಲಿದೆ, ನಿಪ್ಪಾಣಿಯ ನಮ್ಮ ಮನೆಯಲ್ಲೇ ಅವರ ಸಂಶೋಧನೆ ನಡೆದದ್ದರಿಂದ ನಾನು ಎರಡು ಪುಟ ಬರೆದುಕೊಡಬೇಕು. ವಿಷಯವನ್ನೂ ಶಿಷ್ಯರೇ ಸೂಚಿಸಿದ್ದಾರೆ: ನಾನು ಕಂಡಂತೆ ಅವರ ವೈಜ್ಞಾನಿಕ ಪ್ರಾಮಾಣಿಕತೆ. ಕೊನೆಯಲ್ಲಿ, ದಯವಿಟ್ಟು ಟೈಪ್ ಮಾಡಿಸಿ ಕಳಿಸಿ ಎಂಬ ವಿನಂತಿ.

ಕಾಗದವನ್ನು ಓದಿ, ಮಡಚಿ, ಹೊಲಿಗೆಯ ಡಬ್ಬಿಯಲ್ಲಿಟ್ಟೆ. ಬಿಸ್ಕೀಟಿನ ಹಳೆಯ ತಗಡಿನ ಡಬ್ಬಿ ಅದು. ಅದರ ತಳದಲ್ಲಿ, ಕಸೂತಿ ದಾರದ ಲಡಿಗಳ ಕೆಳಗೆ, ಎಷ್ಟೋ ವರ್ಷಗಳಿಂದ ಇನ್ನೊಂದು ಕಾಗದ ಮಲಗಿದೆ. ಗುಡ್ಡದ ಆಕಾರಕ್ಕೆ ಕತ್ತರಿಸಿದ ಗ್ರಾಫ್ ಹಾಳೆ, ಎರಡು ಅಂಗೈ ಅಗಲದ್ದು. ತಂಬಾಕಿನ ವಖಾರಿಯಲ್ಲಿ ದುಡಿಯುತ್ತಿದ್ದ ಅಕ್ಕಾತಾಯಿ ಎಂಬ ಹೆಂಗಸಿನ ಮೈಯಲ್ಲಿ ದಮ್ಮಿನ, ಅಂದರೆ ಉಬ್ಬಸದ, ಗುಳಿಗೆಯೊಂದು ಎಷ್ಟು ಏರಿತು, ಎಷ್ಟು ಹೊತ್ತು ಉಳಿಯಿತು ಎಂಬುದರ ಅಳತೆ ಅದು. ಆ ಅಳತೆಯನ್ನು ಅವರು ಏನು ಮಾಡಿದರು, ಅಕ್ಕಾತಾಯಿಯ ಜೀವ ಹೇಗೆ ಅದಕ್ಕೆ ಸಿಕ್ಕಿಕೊಂಡಿತು ಎಂಬುದು ನನಗೆ ಗೊತ್ತು. ಅವರ ಪ್ರಾಮಾಣಿಕತೆಯ ವಿಷಯದಲ್ಲಿ ಅದಕ್ಕಿಂತ ಹೆಚ್ಚಿನದೇನೂ ನನಗೆ ಗೊತ್ತಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ಮಳೆ ನಿಂತ ಒಂದು ಬೆಳಿಗ್ಗೆ ಅವರು ಚಿಕ್ಕೋಡಿಯ ಬಸ್ಸಿನಿಂದ ಇಳಿದು ನಮ್ಮ ಮನೆಗೆ ಬಂದರು. ಅಥಣಿ ಕಡೆಯವರು, ದೂರದ ಕಾಲೇಜೊಂದರಲ್ಲಿ ಔಷಧಶಾಸ್ತ್ರದ ಲೆಕ್ಚರರು. ಡಾಕ್ಟರೇಟಿಗೆ ಓದುತ್ತಿದ್ದರು. ನಮ್ಮ ಮುಂದಿನ ಕೋಣೆ ಬಾಡಿಗೆಗೆ ಬೇಕಿತ್ತು. ಗಾಡಿಯಿಂದ ಒಂದು ಟ್ರಂಕು ಇಳಿಯಿತು, ಎರಡು ರಟ್ಟಿನ ಪೆಟ್ಟಿಗೆ ಗಾಜಿನ ನಳಿಕೆ ಇಳಿದವು, ಆಮೇಲೆ ಕೈಯಿಂದ ತಿರುವುವ ಹಿಡಿಕೆಯಿದ್ದ ಒಂದು ಯಂತ್ರ.

“ಐಸ್‌ಕ್ರೀಮ್ ಮಾಡೂ ಮಷೀನ ಏನೋ ತಮ್ಮಾ?” ಎಂದು ನಮ್ಮ ಅತ್ತೆ ಕೇಳಿದರು.

“ರಕ್ತಾ ಬ್ಯಾರೆ ಮಾಡೂದ್ರಿ ಅಜ್ಜಿ. ನಳಗ್ಯಾಗ ಹಾಕಿ ತಿರಿವಿದ್ರ ಕೆಂಪಂದು ಕೆಳಗ ಕುಂಡರ್ತೈತಿ, ತಿಳಿ ಮ್ಯಾಲ ಬರ್ತೈತಿ. ಆ ತಿಳಿಯೊಳಗ ಔಷಧ ಎಷ್ಟೈತಿ ಅಂತ ನಾವು ನೋಡೂದು.”

ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು. ಸೂರ್ಯ ಮುಳುಗಿದ ಮೇಲೆ ಒಂದು ಹನಿ ನೀರೂ ಮುಟ್ಟದ, ಕಾಸಿ ಸೋಸದೆ ನೀರು ಕುಡಿಯದ ಜೈನ ಹೆಂಗಸು ಅವರು. ರಕ್ತದ ಯಂತ್ರವನ್ನು ಮನೆಯೊಳಗೆ ಬಿಟ್ಟುಕೊಂಡದ್ದು ಒಂದೇ ಕಾರಣಕ್ಕೆ. ವಖಾರಿಯಲ್ಲಿ ಎಲೆ ಬಡಿದು, ಪುಡಿ ಸೋಸಿ, ಗೋಣಿ ತುಂಬುವ ಹೆಂಗಸರಲ್ಲಿ ಅರ್ಧಕ್ಕರ್ಧ ಜನರಿಗೆ ದಮ್ಮು. ಅವರಿಗಾಗಿ ಔಷಧ ಹುಡುಕಲು ಬಂದಿದ್ದೇನೆ ಎಂದು ಇವರು ಹೇಳಿದ್ದರು. ನಮ್ಮ ಮನೆಯ ಅನ್ನ ತಂಬಾಕಿನ ವ್ಯಾಪಾರದ್ದು. ಆದರೂ ತಂಬಾಕಿನ ಒಂದು ಎಲೆ ಹೊಸ್ತಿಲು ದಾಟಿ ಒಳಗೆ ಬರುವ ಹಾಗಿರಲಿಲ್ಲ. ಈ ಎರಡರ ನಡುವೆ ಎಲ್ಲೋ ಅತ್ತೆಗೆ ಒಂದು ಮುಳ್ಳು ನೆಟ್ಟಿತ್ತು ಎಂದು ಕಾಣುತ್ತದೆ.

ಊರಿನವರು ಮೊದಲ ವಾರದಿಂದಲೇ ಅವರನ್ನು ಡಾಕ್ಟರ್ ಎಂದು ಕರೆದರು. ಅವರು ವೈದ್ಯರೂ ಅಲ್ಲ, ಡಾಕ್ಟರೇಟೂ ಇನ್ನೂ ಆಗಿರಲಿಲ್ಲ. ದಾರಿಯಲ್ಲಿ ಯಾರಾದರೂ ಸೆರಗು ಸರಿಸಿ ಎದೆ ನೋವು ಹೇಳಿಕೊಂಡರೆ ನಿಂತು ಕೇಳಿಸಿಕೊಂಡು, ತಲೆಯಾಡಿಸಿ, “ನೋಡೋಣ” ಎನ್ನುತ್ತಿದ್ದರು. ನಾನು ಡಾಕ್ಟರ್ ಅಲ್ಲ ಎಂದು ಅವರು ಒಬ್ಬರಿಗೂ ಹೇಳಿದ್ದನ್ನು ನಾನು ಕೇಳಲಿಲ್ಲ.

ಗಡಿಯಾರವನ್ನು ಮಣಿಕಟ್ಟಿನ ಒಳಮೈಗೆ ಕಟ್ಟುತ್ತಿದ್ದರು. ಹಾಗಾಗಿ ವೇಳೆ ನೋಡುವಾಗಲೆಲ್ಲ ಅಂಗೈ ಮೇಲಾಗಿ, ಏನನ್ನೋ ಬೇಡುತ್ತಿರುವಂತೆ ಕಾಣುತ್ತಿತ್ತು. ಷರ್ಟಿನ ಜೇಬಿನಲ್ಲಿ ಮೂರು ಪೆನ್ನು. ಬರೆಯಲು ಮಾತ್ರ ನನ್ನದನ್ನು ಕೇಳುತ್ತಿದ್ದರು. ವಖಾರಿಯ ಹೆಂಗಸರು ಕೂತೆದ್ದ ಬೆಂಚಿನ ಮೇಲೆ ಕೂರಬೇಕಾದರೆ ಕರವಸ್ತ್ರ ಹಾಸಿಕೊಳ್ಳುತ್ತಿದ್ದರು. ಎದ್ದ ಮೇಲೆ ಅದನ್ನು ಎರಡು ಬೆರಳಲ್ಲಿ ಹಿಡಿದು ಕೊಡವಿ, ಮತ್ತೆ ಅದರಲ್ಲೇ ಮುಖ ಒರೆಸಿಕೊಳ್ಳುವುದನ್ನು ನಾನೂ ರಕ್ತ ತೆಗೆಯಲು ಬರುತ್ತಿದ್ದ ನರ್ಸಬಾಯಿಯೂ ನೋಡಿ ಎಷ್ಟು ಸಲ ನಕ್ಕಿದ್ದೇವೋ.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಓದಿದ್ದರಲ್ಲಿ ಮದುವೆಯ ಮೇಲೆ ಉಳಿದದ್ದು ಎರಡು: ಕಸೂತಿ ಮತ್ತು ಅಕ್ಷರ. ಕಸೂತಿಗೆ ದಿಂಬಿನ ಹೊದಿಕೆಗಳಿದ್ದವು. ಅಕ್ಷರಕ್ಕೆ ಧೋಬಿಯ ಪಟ್ಟಿಯೊಂದೇ ಇತ್ತು. ನನ್ನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದ ಅವರು ಒಂದು ದಿನ ಆ ಪಟ್ಟಿಯನ್ನು ನೋಡಿಬಿಟ್ಟರು.

“ಏನ್ ಅಕ್ಷರಾರಿ ವೈನಿ! ಅಚ್ಚ ಹಾಕಿಧಂಗ ಅದಾವ. ನನ್ನ ಕಾಗದಾ ಎಲ್ಲಾ ನೀವ ಬರದ್ರ ಪರೀಕ್ಷಾ ಮಾಡಾವ್ರು ನೋಡೂದರಾಗ ಅರ್ಧಾ ಪಾಸ್ ಮಾಡ್ತಾರ.”

ಹೀಗೆ ನಾನು ಆ ಕೆಲಸಕ್ಕೆ ಸೇರಿದೆ.

ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಅವರಿಗೆ ವಿವರಿಸಿ ಹೇಳಲು ಬರುತ್ತಿತ್ತು. ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಗ್ರಾಫ್ ಹಾಳೆ ಹಾಸಿ ನನಗೆ ಅದನ್ನೆಲ್ಲ ಹೇಳಿಕೊಟ್ಟರು. ಗುಳಿಗೆ ನುಂಗಿದ ಮೇಲೆ ಔಷಧ ರಕ್ತಕ್ಕೆ ಇಳಿಯುತ್ತದೆ. ತಾಸು ತಾಸಿಗೆ ರಕ್ತ ತೆಗೆದು ನೋಡಿದರೆ ಏರುತ್ತಾ ಹೋಗಿ, ಒಂದು ನೆತ್ತಿ ಮುಟ್ಟಿ, ಇಳಿಯುತ್ತಾ ಬರುತ್ತದೆ. ಚುಕ್ಕೆಗಳನ್ನು ಕೂಡಿಸಿದರೆ ಒಂದು ಗುಡ್ಡ.

“ಗುಡ್ಡದ ನೆತ್ತಿ ಒಂದ ನೋಡಿದ್ರ ಆಗೂದಿಲ್ರಿ ವೈನಿ. ಎತ್ತರ ಏರಿ ಲಗೂನ ಇಳಿದ್ರ ಮೈಗೆ ಸಿಕ್ಕದ್ದು ಕಡಿಮಿ. ಗಿಡ್ಡ ಇದ್ರೂ ಉದ್ದಕ ಮಲಗಿದ್ರ ಸಿಕ್ಕದ್ದು ಭಾಳ. ಗೆರಿ ಕೆಳಗ ಎಷ್ಟ ಜಾಗಾ ಐತಿ, ಅದ ಖರೇ ಲೆಕ್ಕ. ಮನಷ್ಯಾ ಸುಳ್ಳ ಹೇಳ್ತಾನ್ರಿ, ರಕ್ತ ಹೇಳೂದಿಲ್ಲ.”

ಮದುವೆಯಾಗಿ ಒಂಬತ್ತು ವರ್ಷದಲ್ಲಿ ನನ್ನ ಮುಂದೆ ಕೂತು ಯಾರೂ ಏನನ್ನೂ ಹೀಗೆ ತಿಳಿಸಿ ಹೇಳಿರಲಿಲ್ಲ. ಆ ಮಧ್ಯಾಹ್ನದ ಸಂತೋಷ ಇವತ್ತಿಗೂ ನೆನಪಿದೆ. ಅದಕ್ಕೇ ಅವರ ಮೇಲಿನ ತಿರಸ್ಕಾರ ನನ್ನಲ್ಲಿ ಹಳತಾಗುವುದಿಲ್ಲ. ಏನೂ ಗೊತ್ತಿಲ್ಲದ ಮನುಷ್ಯ ಮಾಡಿದ್ದಲ್ಲ ಅದು. ಚೆನ್ನಾಗಿ ಗೊತ್ತಿದ್ದವರು, ನನಗೂ ಗೊತ್ತು ಮಾಡಿಸಿದವರು.

ಆ ಗೆರೆಯ ಕೆಳಗಿನ ಜಾಗವನ್ನು ಅಳೆಯುತ್ತಿದ್ದ ರೀತಿ ಚೆಂದ. ಎಲ್ಲರ ಗುಡ್ಡವನ್ನೂ ಒಂದೇ ಪ್ರಮಾಣದಲ್ಲಿ, ಒಂದೇ ನಮೂನೆಯ ಹಾಳೆಯ ಮೇಲೆ ಬರೆಯುವುದು. ಗೆರೆಯ ಮೇಲೇ ಕತ್ತರಿಸುವುದು. ಕತ್ತರಿಸಿದ ತುಂಡನ್ನು ತೂಗುವುದು. ಜಾಗ ಹೆಚ್ಚಿದ್ದರೆ ಕಾಗದ ಭಾರ, ಅಷ್ಟೇ. ಕತ್ತರಿಸಲು ನನ್ನ ಕಸೂತಿ ಕತ್ತರಿ ಆಯಿತು. ತೂಗಲು ನಮ್ಮ ಓಣಿಯ ಅಕ್ಕಸಾಲಿಗರ ಬಂಗಾರದ ತಕ್ಕಡಿ. ಅವರು ಗುಲಗುಂಜಿ ಕಾಳು ಹಾಕಿ, “ಒಂಬತ್ತ ಗುಂಜಿ, ಒಂದ ಎಳಿ ಕಡಿಮಿ” ಎಂದು ಬಂಗಾರಕ್ಕೆ ಹೇಳುವ ಗತ್ತಿನಲ್ಲೇ ಕಾಗದಕ್ಕೂ ಹೇಳುತ್ತಿದ್ದರು. ಮೋಡ ಕವಿದ ದಿನ ಅದೇ ತುಂಡು ಭಾರವಾಗುವುದನ್ನು ಮೊದಲು ಗಮನಿಸಿದ್ದು ನಾನು. ಅಳತೆ ಗೊತ್ತಿರುವ ಒಂದು ಚೌಕದ ತುಂಡನ್ನೂ ಅದೇ ಹೊತ್ತಿಗೆ ತೂಗಿ ಹೋಲಿಸಿದರೆ ಕಾಗದ ಹೀರಿಕೊಂಡ ತೇವದ ತೂಕ ಕಳೆಯುತ್ತದಲ್ಲ ಎಂದೆ. ಲೆಕ್ಚರರು ಒಂದು ಕ್ಷಣ ನನ್ನನ್ನೇ ನೋಡಿ, “ಹಂಗ ಮಾಡಬೇಕಂತ ನಾ ಆವಾಗಲೇ ವಿಚಾರ ಮಾಡಿದ್ದೆ” ಎಂದರು. ಮುಂದೆ ಅವರ ಪ್ರಬಂಧದಲ್ಲಿ ಅದು ಅವರ ಪದ್ಧತಿಯಾಗಿ ಒಂದೂವರೆ ಪುಟ ಬಂದಿದೆ.

ಹನ್ನೆರಡು ಜನ ಹೆಂಗಸರು, ಎಲ್ಲರಿಗೂ ದಮ್ಮು. ವಖಾರಿಗೆ ರಜೆಯಿದ್ದ ದಿನ ನಾಲ್ಕು ನಾಲ್ಕು ಜನ ಬರುತ್ತಿದ್ದರು. ಬೆಳಿಗ್ಗೆ ಏಳಕ್ಕೆ ಖಾಲಿ ಹೊಟ್ಟೆಯಲ್ಲಿ ಗುಳಿಗೆ. ಆಮೇಲೆ ಒಂದು, ಎರಡು, ನಾಲ್ಕು, ಆರು, ಎಂಟು, ಹನ್ನೆರಡು ತಾಸಿಗೆ ರಕ್ತ. ಮರುದಿನ ಬೆಳಿಗ್ಗೆ ಮತ್ತೊಂದು ಸಲ. ಊರಿನ ಹಿರಿಯ ಡಾಕ್ಟರರ ದವಾಖಾನೆಯಿಂದ ನರ್ಸಬಾಯಿ ಬಂದು ಸೂಜಿ ಚುಚ್ಚುತ್ತಿದ್ದರು. ತಿಳಿಯನ್ನು ಐಸ್‌ಕ್ಯಾಂಡಿ ಕಾರ್ಖಾನೆಯ ಬರ್ಫದಲ್ಲಿಟ್ಟು ಬಸ್ಸಿನಲ್ಲಿ ಕಾಲೇಜಿಗೆ ಕಳಿಸುವುದು. ಅಲ್ಲಿಂದ ಅಂಕಿಗಳ ಚೀಟಿ ಬರುತ್ತಿತ್ತು. ಅಲ್ಲಿಯ ಯಂತ್ರಕ್ಕೆ ಚಹಾ ಕಾಫಿ ಆಗಿಬರುವುದಿಲ್ಲ, ಅಳತೆ ಕೆಡುತ್ತದೆ; ಆದ್ದರಿಂದ ಹೆಂಗಸರಿಗೆ ಆ ಎರಡು ದಿನ ಚಹಾ ವರ್ಜ್ಯ. ಗುಳಿಗೆಯಾಗಿ ನಾಲ್ಕು ತಾಸು ಊಟವೂ ಇಲ್ಲ.

ಆ ನಾಲ್ಕು ತಾಸಿನ ನಡುವೆಯೇ ಲೆಕ್ಚರರಿಗೆ ನಾಷ್ಟಾ ಆಗಬೇಕು. ಒಳಗೆ ಬಂದು ತಿನ್ನಿ ಎಂದರೆ ಒಲ್ಲರು. ಹೆಂಗಸರ ಮೇಲೆ ಕಣ್ಣಿಡಬೇಕಂತೆ. ಉಪ್ಪಿಟ್ಟಿನ ತಾಟನ್ನು ಮೊಣಕಾಲ ಮೇಲಿಟ್ಟುಕೊಂಡು, ಮೇಲೆ ಶೇವು ಉದುರಿಸಿಕೊಂಡು, ಕುರುಕುರು ಸದ್ದು ಮಾಡುತ್ತಾ, ಹಸಿದು ಕೂತ ನಾಲ್ವರ ಎದುರು ತಿನ್ನುತ್ತಿದ್ದರು. ಅದರ ಮೇಲೆ ಬಸಿಯಲ್ಲಿ ಚಹಾ ಸುರುವಿಕೊಂಡು ಊದುವುದು ಬೇರೆ. ಹೆಂಗಸರು ಗೋಡೆಯ ಕಡೆಗೆ ಮುಖ ಮಾಡಿ ಕೂರುತ್ತಿದ್ದರು.

ಎರಡನೆಯ ವಾರ ಅತ್ತೆಗೆ ತಡೆಯಲಾಗಲಿಲ್ಲ. “ತಮ್ಮಾ, ನನಗ ಎಪ್ಪತ್ತ ವರ್ಷ. ಎಂಟೆಂಟ ದಿನಾ ಉಪಾಸ ಮಾಡೇನಿ. ಉಪಾಸ ಇದ್ದವರ ಎದರ ಹಿಂಗ ಚಪ್ಪರಿಸ್ಕೊಂಡ ತಿಂದಾವ್ರನ್ನ ನಿನ್ನೊಬ್ಬನ್ನ ನೋಡಿದೆ.”

“ಇದು ಶಾಸ್ತ್ರದ ಉಪಾಸ ಅಲ್ರಿ ಅಜ್ಜಿ, ಸೈನ್ಸಿಂದು.”

“ಹಂಗಾರ ಹೊಟ್ಟಿ ಯಾರದು? ಸೈನ್ಸಿಂದೇನು?”

ಹೆಂಗಸರು ಸೆರಗು ಬಾಯಿಗೊತ್ತಿ ನಕ್ಕರು. ಲೆಕ್ಚರರು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಈ ಜನಕ್ಕೆ ಶಿಸ್ತು ಕಲಿಸುವುದಕ್ಕಿಂತ ದನಗಳಿಗೆ ಕಲಿಸುವುದು ಸುಲಭ ಎಂದರು. ನನಗೆ ಇಂಗ್ಲಿಷ್ ಬರುವುದರಿಂದ ನಾನು ಅವರ ಪಕ್ಷದವಳು ಎಂದು ಅವರ ಎಣಿಕೆ. ಸಿಸ್ಟರುಗಳು ಕಲಿಸಿದ ಸಭ್ಯತೆಯಲ್ಲಿ ಸುಮ್ಮನಿರುವ ಪಾಠ ನನಗೆ ತುಸು ಹೆಚ್ಚೇ ಹತ್ತಿತ್ತು.

ಅವರು ಯಾರನ್ನೂ ಹೆಸರು ಹಿಡಿದು ಕರೆಯಲಿಲ್ಲ. “ನಾಕ ನಂಬರ, ತೋಳ ತಾ.” “ಎಂಟ ನಂಬರ, ಕೆಮ್ಮ ಬ್ಯಾಡ.” ಹೊತ್ತಿನ ವಿಷಯದಲ್ಲಿ ಭಾಷಣ ಬಿಗಿಯುತ್ತಿದ್ದರು: ಹತ್ತು ನಿಮಿಷ ಆಚೀಚೆಯಾದರೆ ಗುಡ್ಡದ ಮೈ ಬದಲಾಗುತ್ತದೆ ಎಂದು. ಅಂಥವರೇ ಒಂದು ದಿನ ಹನ್ನೊಂದರ ರಕ್ತದ ಹೊತ್ತಿಗೆ ಕ್ಷೌರಕ್ಕೆ ಹೋಗಿ ಕೂತಿದ್ದರು. ತಾವಿಲ್ಲದೆ ಸೂಜಿ ಮುಟ್ಟಬಾರದು ಎಂದು ಅವರದೇ ಕಟ್ಟಪ್ಪಣೆ, ನರ್ಸಬಾಯಿ ಕಾದರು. ರಕ್ತ ತೆಗೆದದ್ದು ಹನ್ನೊಂದು ಇಪ್ಪತ್ತೈದಕ್ಕೆ. ನಾನು ಹಾಗೇ ಬರೆದೆ. ಅವರು ಅದನ್ನು ಹೊಡೆದು ಹನ್ನೊಂದು ಎಂದು ಬರೆದರು.

“ತಗದದ್ದು ಇಪ್ಪತ್ತೈದ ನಿಮಿಷ ತಡಾ ಆಗಿ ಅಲ್ರಿ ಸರ್?”

“ನೆಟ್ಟಗಿನ ಅಂಕಿ ಚಂದ ಕಾಣತೈತ್ರಿ ವೈನಿ. ರಕ್ತಕ್ಕೇನ ಗಡಿಯಾರ ತಿಳಿತೈತೇನು?”

ಅವರ ಗಲ್ಲದ ಮೇಲೆ ಒರೆಸದೆ ಉಳಿದ ಸಾಬೂನಿನ ನೊರೆ ಒಣಗುತ್ತಿತ್ತು. ನನಗೆ ಆ ನೊರೆ ನೆನಪಿದೆ. ಆ ದಿನವೇ ನಾನು ಪೆನ್ನು ಕೆಳಗಿಡಬೇಕಿತ್ತು.

ಇನ್ನು ಅಕ್ಕಾತಾಯಿ.

ಅವರ ಸಂಶೋಧನೆಯ ಬುಡ ಇದು: ತಂಬಾಕಿನ ಚಟವಿದ್ದವರ ಮೈ ಈ ಔಷಧವನ್ನು ಬೇಗ ಹೊರಹಾಕುತ್ತದೆ, ಬೀಡಿ ಸಿಗರೇಟಿನವರಲ್ಲಿ ಇದು ಗೊತ್ತಾದ ಸಂಗತಿ, ನಮ್ಮ ಕಡೆಯ ಹೆಂಗಸರು ಬೀಡಿ ಸೇದದಿದ್ದರೂ ಮಿಶ್ರಿ ಉಜ್ಜುತ್ತಾರೆ, ಅಂದರೆ ಸುಟ್ಟ ತಂಬಾಕಿನ ಕರಿ ಪುಡಿಯನ್ನು ಹಲ್ಲಿಗೆ, ಹಾಗಾಗಿ ಅವರ ಗುಡ್ಡವೂ ಚಿಕ್ಕದಿರಬೇಕು, ಅವರಿಗೆ ಗುಳಿಗೆ ಹೆಚ್ಚು ಕೊಡಬೇಕು. ಇದು ನಿಜವೋ ಸುಳ್ಳೋ ನಾನು ಹೇಳಲಾರೆ. ಅದನ್ನು ಕಂಡುಹಿಡಿಯಲೆಂದೇ ಅಲ್ಲವೇ ಅವರು ಬಂದದ್ದು. ಹೆಂಗಸರ ಹೆಸರು ಬರೆಯುವ ಹಾಳೆಯಲ್ಲಿ ‘ಮಿಶ್ರಿ’ ಎಂದು ಒಂದು ಅಂಕಣವಿತ್ತು. ಅವರು ಒಬ್ಬರನ್ನೂ ಕೇಳದೆ, ಹನ್ನೆರಡು ಸಾಲಿಗೂ ಮೇಲಿನಿಂದ ಕೆಳಗೆ ‘ಹೌದು’ ಎಂದು ಬರೆದು, ತಲೆಯನ್ನೂ ಎತ್ತದೆ ಮುಂದಿನ ಅಂಕಣಕ್ಕೆ ಹೋದರು. ವಖಾರಿಯ ಹೆಂಗಸೆಂದರೆ ಮಿಶ್ರಿ ಉಜ್ಜುವವಳೇ. ನಮ್ಮೂರಲ್ಲಿ ಯಾರಾದರೂ ಹಾಗೇ ಎಣಿಸುತ್ತಿದ್ದರೇನೋ. ಆದರೆ ಅವರಾರೂ ಪ್ರಬಂಧ ಬರೆಯಲು ಬಂದಿರಲಿಲ್ಲ.

ಅಕ್ಕಾತಾಯಿ ಏಳನೆಯವಳು. ಐವತ್ತರ ಹತ್ತಿರ, ತೆಳ್ಳಗೆ, ಮಾತು ಕಡಿಮೆ. ಅವಳು ನೀರು ಬೇಡಿ ನಕ್ಕಾಗ ನನಗೆ ಕಂಡದ್ದು ಹಲ್ಲು. ಉಳಿದವರ ಒಸಡಿನ ಅಂಚಿಗೆ ಇರುವ ಕಪ್ಪು ಗೆರೆ ಅವಳಿಗಿರಲಿಲ್ಲ. ತೋರುಬೆರಳ ತುದಿಯೂ ಸ್ವಚ್ಛವಾಗಿತ್ತು.

“ಮಿಶ್ರಿ ಹಚ್ಚೂದಿಲ್ಲೇನ ಅಕ್ಕಾತಾಯಿ?”

“ಬಿಟ್ಟ ಎಂಟ ತಿಂಗಳಾತ್ರಿ ಬಾಯಾರ. ಯಡೂರ ಈರಭದ್ರಗ ಹರಕಿ ಹೊತ್ತೇನಿ. ಮಗಳ ಮಡಲಾಗ ಒಂದ ಕೂಸ ಆಡೂತನಕಾ ಮುಟ್ಟೂದಿಲ್ಲಂತ. ಮದಲ ಮದಲ ತಲಿ ಗಿಂವ್ ಅಂತಿತ್ರಿ. ಈಗ ನೆನಪ ಸುದ್ದಾ ಆಗೂದಿಲ್ಲ.”

ನಾನು ಅವರಿಗೆ ಹೇಳಿದೆ. ಅವರು ನಕ್ಕರು.

“ತಂಬಾಕದಾಗ ಹುಟ್ಟಿ ತಂಬಾಕದಾಗ ಸಾಯೂ ಮಂದಿರಿ ವೈನಿ. ದೇವರ ಮುಂದ ಹಂಗ ಹೇಳತಾರ, ಬಚ್ಚಲಾಗ ಕುಂತ ಹಚಗೋತಾರ.”

“ಹಲ್ಲ ನೋಡ್ರಿ ಒಮ್ಮೆ.”

“ನಾ ಹಲ್ಲಿನ ಡಾಕ್ಟರ್ ಅಲ್ಲ.”

ಯಾವ ಡಾಕ್ಟರೂ ಅಲ್ಲ ಎಂದು ನನ್ನ ನಾಲಗೆಯ ತುದಿಗೆ ಬಂದಿತ್ತು.

ಕಾಲೇಜಿನಿಂದ ಚೀಟಿ ಬಂತು. ಅವರು ಚುಕ್ಕೆಯಿಟ್ಟು, ಪಕ್ಕದಲ್ಲಿ ತಮ್ಮ ಇರುವೆ ಕಾಲಿನ ಅಕ್ಷರದಲ್ಲಿ ಅಂಕಿ ಬರೆದು, ಗೆರೆ ಎಳೆದು ಹಾಳೆಗಳನ್ನು ನನ್ನ ಮುಂದೆ ಹಾಕಿದರು. ನಾನು ಕತ್ತರಿಸುತ್ತಾ ಹೋದೆ. ಉಳಿದವರ ಗುಡ್ಡಗಳು ಎಂಟು, ಎಂಟೂವರೆ, ಒಂಬತ್ತು ಗುಂಜಿ. ಏಳನೆಯದನ್ನು ಕತ್ತರಿಸುವಾಗ ಕತ್ತರಿ ಇಳಿಯಲೇ ಇಲ್ಲ. ಏರಿದ ಗೆರೆ ನೆತ್ತಿಯ ಮೇಲೆ ಅಡ್ಡಾಡಿ, ನಿಧಾನಕ್ಕೆ, ಬಲು ನಿಧಾನಕ್ಕೆ ಇಳಿದು, ಮರುದಿನ ಬೆಳಗಿನ ಚುಕ್ಕೆಯಲ್ಲೂ ನೆಲ ಮುಟ್ಟಿರಲಿಲ್ಲ. ಅಕ್ಕಸಾಲಿಗರು ಎರಡು ಸಲ ತೂಗಿದರು. “ಹದಿನಾಕ ಗುಂಜಿ. ಇದರಾಗ ಬಂಗಾರ ಕೂಡೈತಿ ನೋಡ್ರಿ ಅಕ್ಕಾ” ಎಂದು ನಗಾಡಿದರು.

ಲೆಕ್ಚರರು ನಗಲಿಲ್ಲ. ಗುಡ್ಡವನ್ನು ಬೆಳಕಿಗೆ ಹಿಡಿದು ನೋಡಿದರು. ಯಂತ್ರ ಕೆಟ್ಟಿರಬೇಕು ಎಂದರು. ಬರ್ಫ ಕರಗಿರಬೇಕು ಎಂದರು. ಅವಳು ಕದ್ದು ಚಹಾ ಕುಡಿದಿರಬೇಕು ಎಂದರು. ಅವಳು ಮಿಶ್ರಿ ಬಿಟ್ಟಿದ್ದಾಳೆ, ನಿಮ್ಮ ಮಾತಿನ ಪ್ರಕಾರವೇ ಅವಳ ಗುಡ್ಡ ದೊಡ್ಡದಿರಬೇಕಲ್ಲ ಸರ್, ಎಂದೆ. ಆಗ ಅವರ ಮುಖದಲ್ಲಿ ಒಂದು ಗಳಿಗೆ ನಿಜ ಹಾದುಹೋದದ್ದನ್ನು ನಾನು ಕಂಡೆ. ಆಮೇಲೆ ಅವರು ಹೊಸ ಹಾಳೆ ತೆಗೆದುಕೊಂಡು, ಬಾಯಲ್ಲಿ ಏನೋ ಹಾಡು ಗುನುಗುತ್ತಾ, ಏಳನೆಯವಳಿಗೆ ಬೇರೆ ಚುಕ್ಕೆಗಳನ್ನಿಟ್ಟರು.

“ಒಬ್ಬಾಕಿ ಸಲವಾಗಿ ಹನ್ನೊಂದ ಮಂದಿ ಲೆಕ್ಕಾ ಕೆಡಬಾರದ್ರಿ. ನೀವು ಇದನ್ನ ಚಂದಗೆ ಕೋಷ್ಟಕದಾಗ ಬರೀರಿ.”

ನಾನು ಬರೆದೆ.

ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ. ಕಾನ್ವೆಂಟಿನ ಅಕ್ಷರದಲ್ಲಿ, ಒತ್ತು ತಗ್ಗುಗಳನ್ನು ನೋಡಿಕೊಂಡು, ಏಳನೆಯ ಸಾಲಿನಲ್ಲಿ ಆ ಸುಳ್ಳು ಅಂಕಿಗಳನ್ನು ಒಂದರ ಕೆಳಗೊಂದು ನೇರ ಬರುವ ಹಾಗೆ ಬರೆದೆ. ಅವರು ಓದಿ “ವಾ” ಎಂದರು. ನಿಜವಾದ ಗುಡ್ಡವನ್ನು ಕಸದ ಬುಟ್ಟಿಗೆ ಹಾಕಿದ್ದರು. ಸಂಜೆ ಗುಡಿಸುವಾಗ ಎತ್ತಿ ಡಬ್ಬಿಯಲ್ಲಿಟ್ಟುಕೊಂಡೆ. ಯಾಕೆ ಎಂದು ಆಗ ಯಾರಾದರೂ ಕೇಳಿದ್ದರೆ, ಚೆನ್ನಾಗಿ ಕತ್ತರಿಸಿದ್ದೆ, ಎಸೆಯಲು ಮನಸ್ಸಾಗಲಿಲ್ಲ ಎಂದು ಹೇಳುತ್ತಿದ್ದೆನೇನೋ.

ಸುಳ್ಳು ಆ ಹಾಳೆಯಲ್ಲೇ ಇದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅವರು ಆ ಕೋಷ್ಟಕವನ್ನು ದವಾಖಾನೆಯ ಹಿರಿಯ ಡಾಕ್ಟರರಿಗೆ ಒಯ್ದು ತೋರಿಸಿದರು. ಹನ್ನೆರಡೂ ಹೆಂಗಸರ ಮೈ ಔಷಧವನ್ನು ಬೇಗ ಕಳೆಯುತ್ತದೆ, ಇವರಿಗೆ ನೀವು ದಿನಾ ಕೊಡುವ ದಮ್ಮಿನ ಗುಳಿಗೆಯನ್ನು ಒಂದೂವರೆ ಪಟ್ಟು ಮಾಡಿ ಎಂದರು. ಆ ಡಾಕ್ಟರರು ಮುಗ್ಧ ಮನುಷ್ಯ. ಅಂಕಿ ಕಂಡರೆ ಕೈಮುಗಿಯುವವರು. ಮಾಡಿದರು.

ಹತ್ತನೆಯ ದಿನವೋ ಏನೋ, ಅತ್ತೆ ಹಿತ್ತಲಿನಿಂದ ಬಂದು, “ಅಕ್ಕಾತಾಯಿ ಎರಡ ದಿನಾ ಆತು ಕೆಲಸಕ್ಕ ಬಂದಿಲ್ಲಂತ. ಒಂದ ಸವನ ವಾಂತಿ. ಎದಿ ಡವಡವ ಅಂತೈತಂತ, ಕೈ ನಡಗಿ ನೀರಿನ ತಂಬಗಿ ಹಿಡಿಯಾಕ ಬರವಲ್ತಂತ. ದವಾಖಾನಿಗೆ ಒಯ್ದಾರ” ಎಂದರು.

ನಾನು ಒಲೆ ಆರಿಸಿ, ಡಬ್ಬಿಯಿಂದ ಗುಡ್ಡ ತೆಗೆದು, ಸೆರಗಿನೊಳಗಿಟ್ಟುಕೊಂಡು ನಡೆದೆ. ಮದುವೆಯಾದ ಮೇಲೆ ನಿಪ್ಪಾಣಿಯ ಪೇಟೆಯಲ್ಲಿ ಒಬ್ಬಳೇ ಅಷ್ಟು ವೇಗವಾಗಿ ನಡೆದದ್ದು ಅದೇ ಮೊದಲು.

ಅಕ್ಕಾತಾಯಿ ಬಾಗಿಲ ಬಳಿಯ ಮಂಚದ ಮೇಲಿದ್ದಳು. ಆಗಷ್ಟೇ ಒಂದು ಸಲ ಸೆಳವು ಬಂದು ಹೋಗಿತ್ತು. ಕಣ್ಣು ಅರ್ಧ ತೆರೆದಿತ್ತು, ಬೆರಳುಗಳು ಇಲ್ಲದ ಎಲೆಯನ್ನು ಬಿಡಿಸುವಂತೆ ಆಡುತ್ತಿದ್ದವು. ಮಗಳು ಕಾಲ ಬಳಿ ಕೂತು ಬರಿದೇ ತಿಕ್ಕುತ್ತಿದ್ದಳು. ಅವರೂ ಅಲ್ಲಿದ್ದರು, ಹಿರಿಯ ಡಾಕ್ಟರರಿಗೆ, “ಪಿತ್ತ ಆಗೈತ್ರಿ, ಇವರ ಊಟಾನ ಹಂಗ, ಬರೇ ಖಾರ” ಎಂದು ಹೇಳುತ್ತಿದ್ದರು.

ನಾನು ಗುಡ್ಡವನ್ನು ಡಾಕ್ಟರರ ಮೇಜಿನ ಮೇಲಿಟ್ಟೆ. “ಇದು ಅಕ್ಕಾತಾಯಿದ್ರಿ. ಖರೇ ಬಂದ ಅಂಕಿ ಇವು. ಔಷಧ ಈಕಿ ಮೈಯಾಗ ಭಾಳ ಹೊತ್ತ ಉಳಿತೈತ್ರಿ. ಈಕಿಗೆ ಹೆಚ್ಚ ಕೊಡಬಾರದಾಗಿತ್ತು.”

ಡಾಕ್ಟರರು ಕನ್ನಡಕ ಏರಿಸಿ ನೋಡಿದರು. ಡ್ರಾಯರಿನಿಂದ ಕೋಷ್ಟಕ ತೆಗೆದು ಪಕ್ಕಕ್ಕಿಟ್ಟು ಅದನ್ನೂ ನೋಡಿದರು. “ಇಲ್ಲೆ ಬ್ಯಾರೇನ ಅಂಕಿ ಅದಾವಲ್ಲ. ಇದನ್ನ ಬರದವರ್ಯಾರು?”

ಅವರು ತಕ್ಷಣ ಹೇಳಿದರು. ಯೋಚಿಸಲು ಅವರಿಗೆ ಒಂದು ಉಸಿರಿನ ಹೊತ್ತೂ ಬೇಕಾಗಲಿಲ್ಲ.

“ವೈನಿ ಅಕ್ಷರ ಅದು. ನಕಲ ಮಾಡೂ ಮುಂದ ಸಾಲ ತಪ್ಪಿರಬೇಕ್ರಿ. ಮನಿ ಹೆಣ್ಣಮಕ್ಕಳು, ಪಾಪ, ಅವರಿಗೇನ ತಿಳಿತೈತಿ.”

ಆ ‘ಪಾಪ’ವನ್ನು ಅವರು ಬಹಳ ಮೃದುವಾಗಿ ಹೇಳಿದರು. ನರ್ಸಬಾಯಿ ನನ್ನ ಮುಖ ನೋಡಿದರು.

“ಅಕ್ಷರ ನಂದ್ರಿ ಡಾಕ್ಟರ್” ಎಂದೆ. “ಅಂಕಿ ಇವರದು. ಸುಳ್ಳ ಅಂತ ತಿಳಿದ ಬರದೇನಿ. ಖರೇ ಅಂಕಿ ಈ ತುಂಡಿನ ಮ್ಯಾಲ ಅದಾವ. ಅದರ ಅಕ್ಷರ ಯಾರದು, ಇವರನ್ನ ಕೇಳ್ರಿ.”

ಡಾಕ್ಟರರು ಕೇಳಲಿಲ್ಲ. ಆ ಇರುವೆ ಕಾಲಿನ ಅಂಕಿಗಳನ್ನು ಅವರು ಎಷ್ಟೋ ಚೀಟಿಗಳಲ್ಲಿ ಕಂಡಿದ್ದರು. ಗುಡ್ಡವನ್ನು ನನ್ನ ಕೈಗೆ ಮರಳಿಸಿ, ಎದ್ದು ಹೋಗಿ ಗುಳಿಗೆ ನಿಲ್ಲಿಸಿದರು, ಸಲಾಯಿನ್ ಏರಿಸಿದರು, ಆ ಸಂಜೆಯೆಲ್ಲ ಮಂಚದ ಪಕ್ಕದಲ್ಲೇ ನಾಡಿ ಹಿಡಿದು ಕೂತರು. ಲೆಕ್ಚರರು ಮಾತ್ರ ಅಂಗೈ ಮೇಲೆ ಮಾಡಿ ಗಡಿಯಾರ ನೋಡಿ, ಬಸ್ಸಿಗೆ ಹೊತ್ತಾಯಿತು ಎಂದು ಕೋಷ್ಟಕವನ್ನು ಎತ್ತಿಕೊಂಡು ಹೊರಟರು. ಮಂಚದ ಕಡೆ ತಿರುಗಲಿಲ್ಲ. ಏಳನೆಯ ನಂಬರಿನ ಮುಖ ಅವರಿಗೆ ಗುರುತಿತ್ತೋ ಇಲ್ಲವೋ ನನಗೆ ಅನುಮಾನ.

ಅಕ್ಕಾತಾಯಿ ಉಳಿದಳು. ವಾರ ಕಳೆದು ಎದ್ದಳು, ತಿಂಗಳ ಮೇಲೆ ಕೆಲಸಕ್ಕೂ ಹೋದಳು. ಒಂದು ದಿನ ಹಿತ್ತಲ ಬಾಗಿಲಿಗೆ ಬಂದು ಅತ್ತೆಯ ಹತ್ತಿರ ಮಾತಾಡುತ್ತಾ ಕೂತಿದ್ದವಳು ನನ್ನನ್ನು ಕಂಡು ಎದ್ದು ನಿಂತಳು. ಬೈಯುತ್ತಾಳೆ ಎಂದುಕೊಂಡೆ; ಬೈಯಲಿ ಎಂದೂ ಅನ್ನಿಸಿತು.

“ನಂದು ನೀವ ಬರದಿದ್ರೆಂತಲ್ರಿ ಬಾಯಾರ. ನರ್ಸಬಾಯಿ ಹೇಳಿದ್ರು. ನಿಮ್ಮ ಅಕ್ಷರಾ ಭಾಳ ಚಂದ ಅದಾವಂತ.”

ಅವಳ ದನಿಯಲ್ಲಿ ಕೊಂಕಿತ್ತೇ? ನಾನು ಇಷ್ಟು ವರ್ಷ ಹುಡುಕಿದ್ದೇನೆ. ಇರಲಿಲ್ಲ. ಇದ್ದಿದ್ದರೆ ಸಹಿಸುವುದು ಸುಲಭವಿತ್ತು.

ಅವರು ಕೋಣೆ ಖಾಲಿ ಮಾಡಿ ಹೋದರು. ಯಂತ್ರ ಹೊರಗೆ ಹೋದ ಮೇಲೆ ಅತ್ತೆ ಕೋಣೆಯನ್ನು ಮೂರು ಸಲ ತೊಳೆಸಿದರು. ನಮ್ಮ ಯಜಮಾನರು, “ಹೋಗಲಿ ಬಿಡು, ಓದಿದವರ ಜೋಡಿ ವಾದ ಯಾಕ” ಎಂದರು. ಎರಡು ವರ್ಷದ ಮೇಲೆ ಅಂಚೆಯಲ್ಲಿ ದಪ್ಪ ರಟ್ಟಿನ ಪ್ರಬಂಧ ಬಂತು, ಬಂಗಾರದ ಬಣ್ಣದ ಅಕ್ಷರದಲ್ಲಿ ಅವರ ಹೆಸರು, ಹಿಂದೆ ಡಾಕ್ಟರೇಟು. ಕೃತಜ್ಞತೆಯ ಪುಟದಲ್ಲಿ, ಕೋಷ್ಟಕಗಳನ್ನು ಅಂದವಾಗಿ ನಕಲು ಮಾಡಿಕೊಟ್ಟದ್ದಕ್ಕೆ ನನಗೆ ವಂದನೆ ಇತ್ತು. ಒಳಗೆ ಹೆಂಗಸರು ಹನ್ನೊಂದೇ ಜನ. ಪುಟದ ಅಡಿಯಲ್ಲಿ ಚಿಕ್ಕ ಅಕ್ಷರದ ಒಂದು ಟಿಪ್ಪಣಿ: ಏಳನೆಯ ವ್ಯಕ್ತಿಯ ದಾಖಲೆಯನ್ನು ನಕಲುಗಾರರ ತಪ್ಪಿನಿಂದಾಗಿ ಕೈಬಿಡಲಾಗಿದೆ.

ವಂದನೆಯೂ ನನಗೆ, ತಪ್ಪೂ ನನಗೆ. ಅಕ್ಕಾತಾಯಿಯ ವಾಂತಿ, ಸೆಳವು, ನಡುಗುವ ಬೆರಳು ಇವುಗಳಿಗೆ ಆ ಪುಸ್ತಕದಲ್ಲಿ ಎಲ್ಲೂ ಜಾಗವಿರಲಿಲ್ಲ. ಆಮೇಲೆ ಅವರು ರೀಡರಾದರು, ಪ್ರೊಫೆಸರಾದರು, ಪ್ರಾಂಶುಪಾಲರಾದರು. ಪತ್ರಿಕೆಯಲ್ಲಿ ಹಾರ ಹಾಕಿಕೊಂಡ ಅವರ ಚಿತ್ರ ನೋಡಿದಾಗಲೆಲ್ಲ ನನ್ನ ಕಣ್ಣು ಗಲ್ಲದ ಕಡೆ ಹೋಗುತ್ತದೆ, ನೊರೆ ಒರೆಸಿಕೊಂಡಿದ್ದಾರೋ ಎಂದು.

ಶಿಷ್ಯರ ಕಾಗದ ಬಂದ ಮೇಲೆ ಮೊನ್ನೆ ಗುಡ್ಡವನ್ನು ಹಿಡಿದು ಅಕ್ಕಸಾಲಿಗರ ಅಂಗಡಿಗೆ ಹೋಗಿದ್ದೆ. ಹಿರಿಯರು ಈಗಿಲ್ಲ, ಮಗ ಕೂರುತ್ತಾನೆ; ಕೆಂಪು ಅಂಕಿ ಮಿನುಗುವ ಹೊಸ ಕಾಟಾ ಬಂದಿದೆ. ನನ್ನ ಸಲುವಾಗಿ ಅಪ್ಪನ ತಕ್ಕಡಿ ಇಳಿಸಿ, ಧೂಳೊರೆಸಿ, ಗುಂಜಿ ಹಾಕಿದ. ಕಾಗದ ಹಳದಿಯಾಗಿದೆ, ಅಂಚು ಮೆತ್ತಗಾಗಿದೆ. ಅದರ ಜೊತೆ ಉಳಿಸಿಕೊಂಡಿದ್ದ ಚೌಕದ ತುಂಡನ್ನೂ ತೂಗಿಸಿ ತೇವದ ತೂಕ ಕಳೆದೆ. ಹದಿನಾಲ್ಕೇ ಇದೆ.

ಶಿಷ್ಯರಲ್ಲಿ ಒಂದು ಮಾತು. ಲೇಖನವನ್ನು ಟೈಪ್ ಮಾಡಿಸಿ ಕಳಿಸಿ ಎಂದಿದ್ದೀರಿ. ಕ್ಷಮಿಸಿ, ಕೈಯಲ್ಲೇ ಬರೆದಿದ್ದೇನೆ. ನಿಮ್ಮ ಸರ್ ಅವರ ಹಳೆಯ ಕಡತಗಳಲ್ಲಿ ಆ ಮೊದಲ ಕೋಷ್ಟಕ ಇನ್ನೂ ಉಳಿದಿದ್ದರೆ ತೆಗೆದು, ಏಳನೆಯ ಸಾಲನ್ನು ಇದರ ಪಕ್ಕಕ್ಕಿಟ್ಟು ನೋಡಿ. ಅಕ್ಷರ ಒಂದೇ ಎಂದು ನಿಮಗೆ ಕೂಡಲೇ ಗುರುತು ಹತ್ತುತ್ತದೆ. ಈ ಸಲ ನಕಲು ಮಾಡುವಾಗ ಸಾಲು ತಪ್ಪಿಲ್ಲ.